ಜಾಥಾ ಮುಗಿದ ಮೇಲಿನ ಸೈಕಲ್

ಜೂನ್ 3ನ್ನು ವಿಶ್ವ ಸೈಕಲ್ ದಿನ ಎಂದು ವಿಶ್ವಸಂಸ್ಥೆ 2018ರಲ್ಲಿ ಗೊತ್ತು ಮಾಡುವಾಗ ಕಾರವಾರದವರನ್ನು ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು. ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ಬಂದ್. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನವೂ ಅದೇ. ಅಲ್ಲಿಂದ ಇಲ್ಲಿಗೆ ನಾಲ್ಕೈದು ದಿನದ ದಾರಿ. ಕಡಲನ್ನೇ ನಂಬಿದವರು ಬೋಟು ಕಟ್ಟಿ ಬಲೆ ರಿಪೇರಿಗೆ ಕೂರುವ ಹೊತ್ತಿಗೆ ಸಾಹೇಬರುಗಳು ಟ್ಯಾಗೋರ್ ಕಡಲತೀರದಲ್ಲಿ ಸೈಕಲ್ ಜಾಥಾಕ್ಕೆ ಹಸಿರು ನಿಶಾನೆ ಹಿಡಿದು ನಿಲ್ಲುತ್ತಾರೆ. ಹಿಂದೊಬ್ಬ ಸಿಬ್ಬಂದಿ ಕೊಡೆ ಹಿಡಿದಿರುತ್ತಾನೆ.

ಸೈಕಲ್‌ಗಳು ಟೆಂಪೊದಲ್ಲಿ ಬರುತ್ತವೆ, ಸವಾರರು ಕಾರಿನಲ್ಲಿ. ಬ್ಯಾನರ್, ಟೀ ಶರ್ಟ್, ಟೋಪಿ, ಡ್ರೋನ್ ಕ್ಯಾಮೆರಾ ಎಲ್ಲದಕ್ಕೂ ಬಾಬತ್ತು ಉಂಟು. ಗಾಳಿ ಹೊಡೆಸಲು ಮಾತ್ರ ಇಲ್ಲ. 28 ಇಂಚಿನ ಚಕ್ರದ ಒಂದೂವರೆ ಇಂಚಿನ ಟೈರಿಗೆ ಸುಮಾರು 45 ಪೌಂಡ್ ಗಾಳಿ ಬೇಕು. ಹೆಬ್ಬೆರಳಿಂದ ಬಲವಾಗಿ ಒತ್ತಿದರೂ ಬಗ್ಗಬಾರದು. ಜಾಥಾದ ಟೈರು ಕಿರುಬೆರಳಿಗೇ ಬಗ್ಗುತ್ತದೆ. ಅದರ ಮೇಲೆ ತೊಂಬತ್ತು ಕಿಲೋದ ಅಧ್ಯಕ್ಷರು ಕೂತು ಮೊದಲ ಗುಂಡಿಗೆ ಇಳಿದರೆ ಟ್ಯೂಬು ರಿಮ್ಮಿನ ಅಂಚಿಗೆ ಸಿಕ್ಕು ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಕೊನೇ ಗಳಿಗೆಯಲ್ಲಿ ಯಾರಾದರೂ ಪಂಪು ಹಿಡಿದು ಬಂದರೂ ಪ್ರಯೋಜನ ಅಷ್ಟಕ್ಕಷ್ಟೆ. “ಸಾಹೇಬ್ರೇ, ಎಷ್ಟು ಹೊಡೆದ್ರೂ ನಿಲ್ಲೂದಿಲ್ಲ, ವಾಲ್ ಟ್ಯೂಬೇ ಹೋಗದೆ” ಎಂದು ಅವನು ಹೇಳುವಷ್ಟರಲ್ಲಿ ನಿಶಾನೆ ಬಿದ್ದಿರುತ್ತದೆ. ವಾಲ್ವಿನ ಮೇಲೆ ಏರಿಸುವ ಬೆರಳುದ್ದದ ರಬ್ಬರ್ ನಳಿಗೆ, ಚಿಲ್ಲರೆ ಕಾಸಿನ ಮಾಲು. ವರ್ಷ ಕೂತರೆ ಒಣಗಿ ಸೀಳುತ್ತದೆ. ಅದರ ಖರೀದಿಗೆ ಟೆಂಡರ್ ಕರೆಯಲು ಬರುವುದಿಲ್ಲವಾದ್ದರಿಂದ ಯಾರೂ ತರುವುದಿಲ್ಲ.

ಫೋಟೊಗಳಲ್ಲಿ ಸೀಟು ನೋಡಿ. ಎಲ್ಲರದ್ದೂ ತಳಕ್ಕೆ ಇಳಿದಿರುತ್ತದೆ, ಎರಡೂ ಕಾಲು ನೆಲಕ್ಕೆ ಊರಬೇಕಲ್ಲ. ತುಳಿಯುವಾಗ ಮಂಡಿ ಹ್ಯಾಂಡಲ್ಲಿಗೆ ಬಡಿಯುತ್ತದೆ. ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲೆ ಇಟ್ಟಾಗ ಕಾಲು ನೆಟ್ಟಗಾಗಬೇಕು, ಆಗ ಮುಂಗಾಲಿನಿಂದ ತುಳಿಯುವಾಗ ಮಂಡಿ ಅಷ್ಟಿಷ್ಟು ಮಡಚಿರುತ್ತದೆ. ಸೀಟಿನ ಅಳತೆ ಇಷ್ಟೆ. ಇದನ್ನು ಬಿಟ್ಟು ಮಡಚಿದ ಮಂಡಿಯಲ್ಲೇ ತುಳಿದು, ಮರುದಿನ ನೋವು ಬಂದಾಗ “ಸೈಕಲ್ ನಮ್ಮ ದೇಹಕ್ಕೆ ಒಗ್ಗೂದಿಲ್ಲ ಮಾರಾಯ್ರೆ” ಎಂಬ ತೀರ್ಮಾನಕ್ಕೆ ಬರಲಾಗುತ್ತದೆ. ಹತ್ತು ನಿಮಿಷದ ಸವಾರಿ ಮುಗಿದ ಕೂಡಲೇ ಎರಡು ಬನ್ಸು, ಭಾಜಿ, ಸಕ್ಕರೆ ಹೆಚ್ಚಿಗೆ ಹಾಕಿದ ಚಾ. ಕರಗಿದ್ದು ಅರ್ಧ ಬನ್ಸಿನ ಲೆಕ್ಕಕ್ಕೂ ಸಾಲದು. ಉಳಿದ ಒಂದೂವರೆ ಬನ್ಸು ಆರೋಗ್ಯ ಜಾಗೃತಿಯ ಖಾತೆಗೆ.

ಹಗ್ಗದ ಆಚೆ ನಿಂತಿರುವವನನ್ನು ಮಾತ್ರ ಯಾವ ಫೋಟೊದಲ್ಲೂ ಹಿಡಿಯುವುದಿಲ್ಲ. ಕ್ಯಾರಿಯರ್ ಮೇಲೆ ಇಪ್ಪತ್ತೈದು ಕಿಲೋ ಅಕ್ಕಿ ಚೀಲ, ಟಯರ್ ಟ್ಯೂಬಿನ ಪಟ್ಟಿಯಲ್ಲಿ ಬಿಗಿದು ಕಟ್ಟಿದ್ದು. ಸೀಟಿಗೆ ಪ್ಲಾಸ್ಟಿಕ್ ಕೊಟ್ಟೆ. ಚೈನು ಎಣ್ಣೆಯಲ್ಲಿ ಮಿಂದು ಕಪ್ಪಗೆ. ವರ್ಷದ 365 ದಿನವೂ ಸೈಕಲ್ ತುಳಿಯುವ ಆ ಮನುಷ್ಯನನ್ನು, ಸೈಕಲ್ ದಿನದ ಜಾಥಾ ಹೋಗಲಿ ಎಂದು ಪೊಲೀಸರು ಅರ್ಧ ಗಂಟೆ ತಡೆದು ನಿಲ್ಲಿಸಿರುತ್ತಾರೆ.

ಶಿರಸಿಯ ಜಾಥಾ ಜಾಣತನದ್ದು, ಇಳಿಜಾರಿನ ಕಡೆಗೇ ಹೊರಡುತ್ತದೆ. ಏರು ಹತ್ತಿಸಲು ಟೆಂಪೊ ಉಂಟಲ್ಲ. ಅಲ್ಲಿ ಹಳೇ ಸಿಂಗಲ್ ಗೇರ್ ಸೈಕಲ್ ತುಳಿಯುವವರು ಹಿಂಚಕ್ರದ 18 ಹಲ್ಲಿನ ಫ್ರೀವೀಲ್ (ಚೈನು ಕೂರುವ ಹಲ್ಲುಚಕ್ರ) ಬಿಚ್ಚಿ 22ರದ್ದು ಹಾಕಿಸುವುದು ಲೇಸು. ಮುಂದೆ 44 ಹಲ್ಲಿದ್ದರೆ, ಒಂದು ಸುತ್ತು ತುಳಿದಾಗ ಸುಮಾರು ಐದೂವರೆ ಮೀಟರಿನ ಬದಲು ನಾಲ್ಕೂವರೆ ಮೀಟರ್ ಮುಂದೆ ಹೋಗುತ್ತದೆ, ಏರಿನಲ್ಲಿ ಉಸಿರು ಉಳಿಯುತ್ತದೆ. ಚೈನಿಗೆ ಒಂದು ಜೋಡಿ ಕೊಂಡಿ ಸೇರಿಸಬೇಕಾದೀತು. ಇಷ್ಟಾದರೂ ದೇವಿಮನೆ ಘಟ್ಟದಲ್ಲಿ ಇಳಿದು ನೂಕುವುದೇ. ನಾಚಿಕೆ ಬೇಡ, ನೂಕುವುದೂ ವ್ಯಾಯಾಮವೇ. ಇತ್ತ ಸಪಾಟು ಕಾರವಾರದ ಸಾಹೇಬರು 21 ಗೇರಿನದ್ದು ಖರೀದಿಸಿ ಒಂದೇ ಗೇರಿನಲ್ಲಿ ಓಡಿಸುತ್ತಾರೆ. ಉಳಿದ ಇಪ್ಪತ್ತು ಉಪ್ಪು ಗಾಳಿಗೆ.

ಭಾಷಣದಲ್ಲಿ ಹೇಳುವ ವಾರಕ್ಕೆ 150 ನಿಮಿಷದ ಲೆಕ್ಕ ಸುಳ್ಳಲ್ಲ, ವಿಶ್ವ ಆರೋಗ್ಯ ಸಂಸ್ಥೆಯೂ ಕನಿಷ್ಠ ಅಷ್ಟು ಎನ್ನುತ್ತದೆ. ಮೈ ಬಿಟ್ಟವರು ಮೊದಲ ವಾರ ದಿನ ಬಿಟ್ಟು ದಿನ ಇಪ್ಪತ್ತು ನಿಮಿಷ, ಮಾತಾಡುತ್ತ ತುಳಿಯುವಷ್ಟು ವೇಗದಲ್ಲಿ ಶುರು ಮಾಡಿ ನಿಧಾನ ಏರಿಸಿದರೆ ಸಾಕು. ಎಲ್ಲಿ ತುಳಿಯಬೇಕು ಎನ್ನುವಾಗ ಭಾಷಣ ಮುಗಿದಿರುತ್ತದೆ. ಹೆದ್ದಾರಿ 66ರಲ್ಲಿ ಬಿಳಿ ಗೆರೆಯ ಆಚೆಗಿನ ಜಾಗ ಜಲ್ಲಿಗೆ, ನಿಂತ ಲಾರಿಗೆ, ದನಕ್ಕೆ ಹಂಚಿಕೆಯಾಗಿದೆ. 2024ರ ಆಗಸ್ಟ್ 7ರಂದು ಕಾಳಿ ನದಿಯ ಹಳೇ ಸೇತುವೆ ಕುಸಿದ ಮೇಲೆ ಕೋಡಿಬಾಗ–ಸದಾಶಿವಗಡದ ಹೋಗುವ ಬರುವ ಗಾಡಿಗಳೆಲ್ಲ ಹೊಸ ಸೇತುವೆಯ ಪಾಲಾದವು. ಸೈಕಲ್ಲಿನವನ ಪಾಲಿಗೆ ಉಳಿದದ್ದು ಅದರ ಅಂಚು. ಊರೊಳಗೆ ಬಂದರೆ ಗಟಾರದ ಮೇಲಿನ ಕಬ್ಬಿಣದ ಜಾಲರಿ. ಸರಳುಗಳನ್ನು ರಸ್ತೆಗೆ ಅಡ್ಡ ಹಾಕುವ ಬದಲು ಉದ್ದಕ್ಕೆ ಹಾಕಿದ ಕಡೆ ಸೈಕಲ್ ಚಕ್ರ ನೇರ ಒಳಗೆ.

ಹಾಗಂತ ಜಾಥಾ ದಂಡ ಎನ್ನಲಾಗದು. ಅಗ್ಗದ ಸೆಕೆಂಡ್ ಹ್ಯಾಂಡ್ ಸೈಕಲ್ಲಿನ ದೊಡ್ಡ ಮೂಲವೇ ಅದು. ಉತ್ಸಾಹದಲ್ಲಿ ಕೊಂಡದ್ದು ಶೆಡ್ಡಿನಲ್ಲಿ ಮಳೆಗಾಲ ಕಳೆದು ಅಕ್ಟೋಬರಿಗೆ ಮಾರಾಟಕ್ಕೆ ಬರುತ್ತದೆ. ಎರಡು ಸಾವಿರದೊಳಗೆ ಮುಗಿಸಬಹುದು, ನೋಡಿ ಕೊಂಡರೆ. ಮೊದಲು ಸೀಟಿನ ಪೈಪು ಕದಲುತ್ತದೋ ನೋಡಿ. ತುಕ್ಕು ಹಿಡಿದು ಫ್ರೇಮಿಗೇ ಅಂಟಿದ್ದರೆ ಸೀಮೆಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು, ಆಗಲೂ ಖಾತ್ರಿ ಇಲ್ಲ. ಪೆಡಲ್ ಕ್ರ್ಯಾಂಕ್ ಹಿಡಿದು ಅಲ್ಲಾಡಿಸಿ. ಒಂದೇ ಕಡೆಯದು ಕಟಕಟ ಎಂದರೆ ಕ್ರ್ಯಾಂಕನ್ನು ಬಿಗಿಯುವ ಕಾಟರ್ ಪಿನ್, ಸಣ್ಣ ಖರ್ಚು. ಎರಡೂ ಕೂಡಿ ಅಲ್ಲಾಡಿದರೆ ಒಳಗಿನ ಬೇರಿಂಗ್ ಕಪ್ ಸವೆದಿದೆ ಅಥವಾ ಸಡಿಲಾಗಿದೆ: ಬಿಚ್ಚಿಸಿ, ಕಾಲಿಂಚಿನ ಗುಂಡು ಬದಿಗೆ ಹನ್ನೊಂದರಂತೆ ಹೊಸತು ಹಾಕಿ ಗ್ರೀಸು ತುಂಬಿಸಬೇಕು. ಚೈನಿನ 24 ಕೊಂಡಿ 12 ಇಂಚು ಇರಬೇಕು. ಸ್ಕೇಲಿನಲ್ಲಿ ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚು ಬಂದರೆ ಬದಲಿಸಿ, ಇಲ್ಲವಾದರೆ ಹಲ್ಲುಗಳನ್ನೂ ತಿಂದು ಹಾಕುತ್ತದೆ. ಹೊಳೆಯುವ ಸ್ಟೀಲ್ ರಿಮ್ ಕಂಡು ಮರುಳಾಗಬೇಡಿ. ಒದ್ದೆಯಾದಾಗ ಬ್ರೇಕ್ ರಬ್ಬರ್ ಮೊದಲೆರಡು ಸುತ್ತು ನೀರು ಒರೆಸುವುದರಲ್ಲೇ ಕಳೆಯುತ್ತದೆ, ಆಮೇಲೆ ಹಿಡಿಯುವ ವಿಚಾರ ಮಾಡುತ್ತದೆ. ಅಲಾಯ್ ರಿಮ್ಮಿನದ್ದು ಸಿಕ್ಕರೆ ಇನ್ನೂರು ಹೆಚ್ಚು ಕೊಡಿ.

ಫ್ರೇಮಿನ ಮೇಲೆ ‘ಆರೋಗ್ಯಕ್ಕಾಗಿ ಸೈಕಲ್’ ಎಂಬ ಸ್ಟಿಕರ್ ಇದ್ದರೆ ಅದನ್ನು ಕಿತ್ತು ನೋಡದೆ ದುಡ್ಡು ಎಣಿಸಬೇಡಿ. ಉಪ್ಪುನೀರು ಇಳಿದು ಕೂರುವುದು ಅದರ ಅಡಿಗೇ.