ಹಿತ್ತಲಿಗೆ ಬಂದ ಮನೆಯಳಿಯ

ಅಮೆರಿಕದ ಪಾರಂಪರಿಕ ಬಡಾವಣೆಯಲ್ಲಿ ನೂರಿಪ್ಪತ್ತು ವರ್ಷದ ಮನೆ ಇದ್ದು, ಅದರ ಹಿಂಬದಿಗೊಂದು ಅಡುಗೆಕೋಣೆ ಸೇರಿಸುವ ಆಸೆಯಾದರೆ, ಮೊದಲು ಮನೆಯಳಿಯನೊಬ್ಬನನ್ನು ಕಲ್ಪಿಸಿಕೊಳ್ಳಿ. ಮಾವನಿಗಿಂತ ಎತ್ತರ ನಿಲ್ಲುವಂತಿಲ್ಲ. ಬೀದಿಗೆ ಮುಖ ತೋರಿಸುವಂತಿಲ್ಲ. ಈ ಮನೆಗೆ ಒಪ್ಪುವವನಾಗಿರಬೇಕು, ಆದರೆ ಈ ಮನೆಯಲ್ಲೇ ಹುಟ್ಟಿದವನೆಂದು ಯಾರೂ ಮೋಸ ಹೋಗಬಾರದು. ಹೋಗು ಅಂದರೆ ಗೋಡೆಗೆ ಗೀರು ಬೀಳದಂತೆ ಹೊರಡಬೇಕು.

ಇದು ನಮ್ಮ ಕುಹಕವಲ್ಲ. ಫೆಡರಲ್ ಸರ್ಕಾರದ ಇಂಟೀರಿಯರ್ ಇಲಾಖೆ (ಹೆಸರು ಹಾಗೆ, ಚಿಂತೆಯೆಲ್ಲ ಹೊರಗೋಡೆಯದು) ಹಳೆಯ ಕಟ್ಟಡಗಳ ಪುನರುಜ್ಜೀವನಕ್ಕೆ ಹತ್ತು ಸೂತ್ರ ಬರೆದಿದೆ. ಹೊಸದು ಹಳೆಯದಕ್ಕಿಂತ ಭಿನ್ನವಾಗಿಯೂ ಇರಬೇಕು, ಹೊಂದಿಕೊಂಡೂ ಇರಬೇಕು ಎನ್ನುತ್ತದೆ ಒಂಬತ್ತನೆಯದು. ಮುಂದೆ ಕಿತ್ತರೂ ಮೂಲ ಮನೆ ಮುಕ್ಕಾಗಬಾರದು ಎನ್ನುತ್ತದೆ ಹತ್ತನೆಯದು. ಇಂಥ ಬಡಾವಣೆಯ ಮನೆಗಳ ಬದಲಾವಣೆಗೆ ಒಪ್ಪಿಗೆ ಕೊಡುವ, ಬಹಳಷ್ಟು ಊರುಗಳ ಸಂರಕ್ಷಣಾ ಸಮಿತಿಗಳು ಹಿಡಿದುಕೊಂಡು ಕೂರುವುದು ಇವನ್ನೇ. ತದ್ರೂಪು ನಕ್ಷೆ ಒಯ್ದರೆ ‘ನಕಲಿ ಇತಿಹಾಸ’, ಗಾಜಿನ ಡಬ್ಬಿ ಒಯ್ದರೆ ‘ಸುತ್ತಲಿಗೆ ಒಗ್ಗದು’.

ನುರಿತ ವಾಸ್ತುಶಿಲ್ಪಿ ಇದಕ್ಕೆ ಮಾಡುವ ಉಪಾಯ ಇಷ್ಟು: ಹೊಸ ಗೋಡೆಯನ್ನು ಹಳೆಯ ಮೂಲೆಯಿಂದ ಒಂದಡಿಯಾದರೂ ಒಳಕ್ಕೆ ಸರಿಸಿ ಮೂಲೆಹಲಗೆಯನ್ನು ಕಾಣುವಂತೆ ಬಿಡುವುದು, ಮಾಡಿನ ನೆತ್ತಿಯನ್ನು ಹಳೆಯದಕ್ಕಿಂತ ತಗ್ಗಿಸುವುದು, ಸಾಧ್ಯವಾದರೆ ಎರಡರ ನಡುವೆ ಕಿರಿದಾದ, ಗಿಡ್ಡನೆಯ ಜೋಡಣೆಯೊಂದನ್ನು ಇಡುವುದು. ಇದನ್ನು ಅವರು ‘ಹೈಫನ್’ ಅನ್ನುತ್ತಾರೆ. ವ್ಯಾಕರಣ ಬಲ್ಲವರು.

ಕಿಟಕಿಗೆ ಬಂದರೆ ವೇದಾಂತ ಶುರು. ಹಿಂದೆ ದೊಡ್ಡ ಗಾಜು ದುಬಾರಿಯಾಗಿತ್ತು, ಹಾಗಾಗಿ ಚಿಕ್ಕ ಗಾಜುಗಳ ನಡುವೆ ಮರದ ಪಟ್ಟಿ. ಈಗ ಆ ಕಷ್ಟವಿಲ್ಲ, ಆದರೂ ಪಟ್ಟಿ ಬೇಕು. ಜೋಡಿ ಗಾಜಿನ ಒಳಗಷ್ಟೇ ಪಟ್ಟಿ ಹುದುಗಿಸಿದರೆ ನೆರಳು ಬೀಳುವುದಿಲ್ಲ, ಆದ್ದರಿಂದ ಅದು ಸುಳ್ಳು, ತಿರಸ್ಕೃತ. ಹೊರಗೊಂದು ಒಳಗೊಂದು ಪಟ್ಟಿ ಅಂಟಿಸಿ, ಎರಡು ಗಾಜುಗಳ ನಡುವೆ ಸ್ಪೇಸರ್ ಎಂಬ ತೆಳು ಪಟ್ಟಿ ಇಟ್ಟರೆ ಅದೂ ಸುಳ್ಳೇ. ಆದರೆ ನೆರಳು ಬೀಳುವ ಸುಳ್ಳು, ಹಾಗಾಗಿ ಅಂಗೀಕೃತ.

ಹೊರಹಲಗೆಯ ವಿಷಯದಲ್ಲಿ ಮಾತ್ರ ಸಮಿತಿಯ ಮಾತೇ ಸರಿ. ಫೈಬರ್ ಸಿಮೆಂಟಿನ ಹಲಗೆಗೆ ಒಪ್ಪಿಗೆ ಕೊಟ್ಟರೂ ನಯವಾದದ್ದೇ ಬೇಕು ಅನ್ನುತ್ತಾರೆ, ಮರದ ಎಳೆ ಅಚ್ಚೊತ್ತಿದ್ದು ಬೇಡ. ಅಸಲಿ ಮರವನ್ನು ನುಣುಪಾಗಿ ಹೆರೆದು ಬಣ್ಣ ಬಳಿದರೆ ಎಳೆ ಕಾಣುವುದೇ ಅಪರೂಪ. ಮರಕ್ಕಿಂತ ಹೆಚ್ಚು ಮರವಾಗಲು ಹೊರಡುವುದು ಸಿಮೆಂಟೇ.

ಇಷ್ಟೆಲ್ಲ ಆದಮೇಲೂ ಮನೆ ಬಿರಿಯುವುದು ಎಲ್ಲಿ? ಸಮಿತಿ ಕಣ್ಣು ಹಾಯಿಸದ ಜಾಗದಲ್ಲಿ. ಹಳೆಯ ಕಾಡುಗಲ್ಲಿನ ಅಡಿಪಾಯಕ್ಕಿಂತ ಆಳವಾಗಿ ಪಕ್ಕದಲ್ಲೇ ಉದ್ದಕ್ಕೂ ಅಗೆದರೆ, ಅದರ ಅಡಿಯ ಮಣ್ಣು ಜಾರಿ ಗೋಡೆ ಕೂರುತ್ತದೆ. ಮೂರು ನಾಲ್ಕು ಅಡಿಯ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ ತೋಡಿ ಕಾಂಕ್ರೀಟ್ ಆಸರೆ ಕೊಡಬೇಕು. ಹೊಸ ಅಡಿಪಾಯ ತಾನೂ ಸ್ವಲ್ಪ ಇಳಿಯುತ್ತದೆ. ಎರಡನ್ನೂ ಬಿಗಿಯಾಗಿ ಬೆಸೆದರೆ ಬಿರುಕು ಖಚಿತ, ಚಲನೆಗೆ ಸಂದು ಬಿಡಲೇಬೇಕು. ಮೆತ್ತನೆಯ ಹಳೆಯ ಇಟ್ಟಿಗೆಗೆ ಗಟ್ಟಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ಮೆತ್ತಿದರೆ ತೇವ ಸಂದಿಯಿಂದ ಹೊರಬರಲಾಗದೆ ಇಟ್ಟಿಗೆಯ ಮುಖವನ್ನೇ ಸಿಪ್ಪೆಯಂತೆ ಎಬ್ಬಿಸುತ್ತದೆ. ಅಲ್ಲಿಗೆ ಸುಣ್ಣದ ಗಾರೆಯೇ ಮದ್ದು. ಹೊಸ ಮಾಡು ಹಳೆಯ ಗೋಡೆಗೆ ತಾಗುವಲ್ಲಿ ಲೋಹದ ತಗಡನ್ನು ಹಲಗೆಯ ಹಿಂದಕ್ಕೆ ಮೆಟ್ಟಿಲುಮೆಟ್ಟಿಲಾಗಿ ಸೇರಿಸದೆ ಬರೀ ಸೀಲೆಂಟ್ ಬಳಿದರೆ, ಮಳೆ ಒಳಗೆ ಬಂದು ಕೂರುತ್ತದೆ. ಇದ್ಯಾವುದೂ ಬೀದಿಯಿಂದ ಕಾಣದು. ನಕ್ಷೆ ಒಪ್ಪಿಗೆಯಾಯಿತೆಂದು ಸಮಿತಿ ಕೊಡುವ ಯೋಗ್ಯತಾಪತ್ರ ಕಟ್ಟಡದ ಪರವಾನಗಿಯೂ ಅಲ್ಲ. ಅದಕ್ಕೆ ಬೇರೆ ಕಿಟಕಿ, ಬೇರೆ ಸಾಲು.

ಹಾಗಾದರೆ ಹಿಂದೆಯೇ ಇರುವ ಸೋರುವ ಹಳೆ ಚಪ್ಪರದ ಕೋಣೆಯನ್ನಾದರೂ ಕೆಡವಿ ಅಲ್ಲೇ ಕಟ್ಟೋಣವೇ? ಅದಕ್ಕೆ ನಾಲ್ಕನೆಯ ಸೂತ್ರ ಕಾದಿದೆ: ಕಾಲಾಂತರದಲ್ಲಿ ಸೇರಿದ್ದು ತನ್ನದೇ ಚಾರಿತ್ರಿಕ ಮಹತ್ವ ಗಳಿಸಿದ್ದರೆ ಉಳಿಸಿಕೊಳ್ಳಬೇಕು. ಚಾರಿತ್ರಿಕ ತಾಣಗಳ ರಾಷ್ಟ್ರೀಯ ನೋಂದಣಿ ಪಟ್ಟಿಗೆ ಸೇರಲು ಸಾಮಾನ್ಯ ಅಳತೆಗೋಲು 50 ವರ್ಷ. ಯಾವನೋ ಅವಸರಕ್ಕೆ ಹೊಡೆದ ಹಲಗೆಗಳು ಅಷ್ಟು ಚಳಿಗಾಲ ತಾಳಿಕೊಂಡರೆ, ಪರಂಪರೆಯೆಂದು ವಾದಿಸಲು ಒಬ್ಬರಾದರೂ ಸಿಗುತ್ತಾರೆ. ಇನ್ನು ಹತ್ತನೆಯ ಸೂತ್ರದ ಪ್ರಕಾರ ಕೀಳಲು ಬರುವಂತೆ ಕಟ್ಟಿದ ನಿಮ್ಮ ಹೊಸ ಅಡುಗೆಕೋಣೆ ಇದೆಯಲ್ಲ, ಅದನ್ನು ಕೀಳುವುದಿದ್ದರೆ 49ನೇ ವರ್ಷದೊಳಗೆ ಅರ್ಜಿ ಹಾಕಿ.