ಪಾಡ್‌ಗೂ ಕಾಯಂ ವಿಳಾಸ ಬೇಕಂತೆ!

ಸುರತ್ಕಲ್ಲಿಗೆ ಹೊರಟವರು ಯಾರೂ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತು ಕೆಎ-19ರ ಇಂಥದ್ದೇ ನಂಬರಿನ ಬಸ್ಸು ಬರಲಿ ಎಂದು ಕಾಯುವುದಿಲ್ಲ. ಬೋರ್ಡು ನೋಡಿ ಹತ್ತುತ್ತಾರೆ. ನಿನ್ನೆಯ ಬಸ್ಸು ಗ್ಯಾರೇಜು ಸೇರಿದ್ದರೆ ಇನ್ನೊಂದು ಅದೇ ಬೋರ್ಡು ಹಾಕಿಕೊಂಡು ಬರುತ್ತದೆ. ಹಲವು ಸರ್ವರುಗಳ ಮೇಲೆ ಅಪ್ಲಿಕೇಶನ್ನುಗಳನ್ನು ಓಡಿಸುವ ಕುಬರ್ನೆಟಿಸ್‌ನಲ್ಲಿ ಬಸ್ಸಿಗೆ, ಅಂದರೆ ಓಡುತ್ತಿರುವ ಅಪ್ಲಿಕೇಶನ್ನಿನ ಒಂದು ಪ್ರತಿಗೆ, ಪಾಡ್ ಎನ್ನುತ್ತಾರೆ, ಬೋರ್ಡಿಗೆ ಸರ್ವಿಸ್. ಪಾಡ್ ಸತ್ತು ಇನ್ನೊಂದು ಹುಟ್ಟಿದರೆ ಐಪಿ (ನೆಟ್‌ವರ್ಕ್ ವಿಳಾಸ) ಬೇರೆ; ಸರ್ವಿಸ್‌ನ ಹೆಸರು ಮಾತ್ರ ಅದೇ.

ಇಷ್ಟು ತಿಳಿಯದ್ದು ಕಚೇರಿಗಳ ಫೈರ್‌ವಾಲ್ (ಜಾಲದ ಕಾವಲುಗಾರ) ದಾಟಲು ಕೊಡುವ ಅರ್ಜಿಗೆ. ಅದರಲ್ಲಿ ಒಂದೇ ಚೌಕ: 'ಅಪ್ಲಿಕೇಶನ್ನಿನ ಕಾಯಂ ಐಪಿ ವಿಳಾಸ'. ರೇಷನ್ ಕಾರ್ಡಿನ ಅರ್ಜಿ ನೋಡಿ ಬರೆದದ್ದಿರಬೇಕು. ಪಾಡ್‌ಗೆ ಅಂಥದ್ದೇನೂ ಇರುವುದಿಲ್ಲ ಎಂದರೆ, ಕಚೇರಿಯವರ ಉತ್ತರ: "ಅದೆಲ್ಲ ಬೇಡ ಮಾರಾಯ್ರೆ, ಒಂದು ನಂಬರ್ ಬರೀರಿ, ಫೈಲ್ ಮುಂದೆ ಹೋಗ್ಲಿ."

ಆಗ ಕುಬರ್ನೆಟಿಸ್‌ಗೆ ಸೂಚನೆ ಬರೆಯುವ ಯಾಮಲ್ ಫೈಲಿಗೆ ಒಂದು ಸಾಲು ಸೇರುತ್ತದೆ: 'ಹೋಸ್ಟ್‌ನೆಟ್‌ವರ್ಕ್: ಟ್ರೂ'. ಪಾಡ್ ತನ್ನ 10.244ರ ಒಳಜಾಲದ ಬಿಡಾರ ಬಿಟ್ಟು, ತಾನು ಓಡುವ ಸರ್ವರಿನ ಅಂದರೆ ನೋಡ್‌ನ ಐಪಿಯನ್ನೇ ತನ್ನದೆನ್ನುತ್ತದೆ. ಮರುದಿನ ಪಾಡ್ ಮತ್ತೆ ಹುಟ್ಟಿ, ಜಾಗ ಗೊತ್ತುಮಾಡುವ ಶೆಡ್ಯೂಲರ್ ಅದನ್ನು ಇನ್ನೊಂದು ನೋಡ್‌ಗೆ ಕಳಿಸಿತೋ, 'ಕಾಯಂ' ಅಲ್ಲಿಗೆ ಮುಗಿಯಿತು. ಸರಿ, ನೋಡ್‌ಸೆಲೆಕ್ಟರ್ ಹಾಕಿ ಒಂದೇ ನೋಡ್‌ಗೆ ಕಟ್ಟಿಹಾಕಿ. ಮೂರು ನೋಡ್‌ಗಳ ಕ್ಲಸ್ಟರಿಗೆ ದುಡ್ಡು ಕೊಟ್ಟು ಒಂದರಲ್ಲೇ ಜೀವನ!

ನಿಜವಾದ ಮಜಾ ಹೊಸ ಆವೃತ್ತಿ ಹಾಕುವ ದಿನ. ರೆಪ್ಲಿಕಾ (ಪಾಡ್‌ನ ಪ್ರತಿ) ಒಂದು, ಪೋರ್ಟ್ (ಸಂಪರ್ಕದ ಬಾಗಿಲು) 8080; ಒಂದು ನೋಡ್‌ನಲ್ಲಿ ಆ ಬಾಗಿಲು ಒಬ್ಬರಿಗೇ. ಹಳೆ ಪಾಡ್ ತೆಗೆದು ಹೊಸದು ಹಾಕುವ ಡಿಪ್ಲಾಯ್‌ಮೆಂಟ್ ತಾನಾಗಿ ಹಿಡಿಯುವ ಲೆಕ್ಕ ಶೇ 25: ಮ್ಯಾಕ್ಸ್‌ಸರ್ಜ್ (ಹೆಚ್ಚಿಗೆ ಇರಬಹುದಾದ ಪಾಡ್) ಮೇಲಕ್ಕೆ ದುಂಡಾಗಿ 1, ಮ್ಯಾಕ್ಸ್‌ಅನವೈಲಬಲ್ (ಕಡಿಮೆ ಇರಬಹುದಾದ ಪಾಡ್) ಕೆಳಕ್ಕೆ ದುಂಡಾಗಿ 0. ಅಂದರೆ ಹೊಸ ಬಸ್ಸು ಬಂದು ನಿಲ್ಲದೆ ಹಳೆಯದು ಹೊರಡುವುದಿಲ್ಲ. ಹಳೆಯದು ಜಾಗ ಬಿಡದೆ ಹೊಸದಕ್ಕೆ ನಿಲ್ಲಲು ಸ್ಥಳವಿಲ್ಲ. ಹೊಸ ಪಾಡ್ 'ಪೆಂಡಿಂಗ್'. ಕಚೇರಿಯವರಿಗೆ ಈ ಒಂದು ಪದ ಮಾತ್ರ ಚೆನ್ನಾಗಿ ಪರಿಚಯ. ಸ್ಟ್ರಾಟಜಿಯನ್ನು ರೀಕ್ರಿಯೇಟ್ (ಮೊದಲು ಹಳೆಯದನ್ನು ತೆಗೆ, ಆಮೇಲೆ ಹೊಸದು) ಮಾಡಿದರೆ ಗಂಟು ಬಿಡುತ್ತದೆ, ನಡುವೆ ಸೇವೆ ಸ್ವಲ್ಪ ಹೊತ್ತು ಬಂದ್. ಯಾಮಲ್‌ನಲ್ಲಿ ಪೋರ್ಟನ್ನೇ ನಮೂದಿಸದಿದ್ದರೆ ಶೆಡ್ಯೂಲರ್‌ಗೆ ಜಗಳ ಗೊತ್ತೇ ಆಗುವುದಿಲ್ಲ. ಎರಡೂ ಒಂದೇ ನೋಡ್‌ಗಿಳಿದು, ವಿಳಾಸ ಬಳಕೆಯಲ್ಲಿದೆ ಎಂದು ಹೊಸದು ಬಿದ್ದೆದ್ದು ಬಿದ್ದೆದ್ದು ಕ್ರ್ಯಾಶ್‌ಲೂಪ್ ಸೇರುತ್ತದೆ.

ಇಷ್ಟರಲ್ಲಿ ಡೇಟಾಬೇಸ್ ಸರ್ವಿಸ್‌ನ ಹೆಸರೂ ಸಿಗದಾಗಿರುತ್ತದೆ. ಹೋಸ್ಟ್‌ನೆಟ್‌ವರ್ಕ್ ಪಾಡ್ ಹೆಸರು ಕೇಳುವುದು ಕ್ಲಸ್ಟರಿನ ಡಿಎನ್‌ಎಸ್ (ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ) ಹತ್ತಿರವಲ್ಲ, ನೋಡ್‌ನದರ ಹತ್ತಿರ. ಡಿಎನ್‌ಎಸ್‌ಪಾಲಿಸಿಯನ್ನು 'ಕ್ಲಸ್ಟರ್‌ಫಸ್ಟ್‌ವಿತ್‌ಹೋಸ್ಟ್‌ನೆಟ್' ಎಂದು ಬರೆಯಬೇಕು. ಯಾರು ಯಾರ ಜೊತೆ ಮಾತಾಡಬಹುದು ಎಂದು ಹೇಳುವ ನೆಟ್‌ವರ್ಕ್‌ಪಾಲಿಸಿಗಳೂ ಇಂಥ ಪಾಡ್ ಮೇಲೆ ಸಾಮಾನ್ಯವಾಗಿ ನಡೆಯುವುದಿಲ್ಲ. ಭದ್ರತೆಗೆಂದೇ ಕೇಳಿದ ಅರ್ಜಿಯಲ್ಲವೇ!

ಹಾಗೆ ನೋಡಿದರೆ ಹೊರಹೋಗುವ ಸಂಚಾರಕ್ಕೆ ಇದ್ಯಾವುದೂ ಬೇಕಿರಲಿಲ್ಲ. ಕ್ಲಸ್ಟರ್ ದಾಟುವ ಪ್ಯಾಕೆಟ್ಟು ಸಾಮಾನ್ಯವಾಗಿ ನೋಡ್‌ನ ಐಪಿ ತೊಟ್ಟೇ ಹೊರಡುವುದು. ಅಷ್ಟೂ ನೋಡ್‌ಗಳ ಐಪಿಗೆ ಅನುಮತಿ ಕೊಟ್ಟರೆ ಸಾಕು. ಒಳಬರುವವರಿಗೆ ಹೊರಗಿನ ವಿಳಾಸವಿರುವ ಲೋಡ್‌ಬ್ಯಾಲೆನ್ಸರ್ ಸರ್ವಿಸ್ ಇದೆ. ಸ್ವಂತ ಸರ್ವರುಗಳಾದರೆ ಮೆಟಲ್‌ಎಲ್‌ಬಿ ಎಂಬ ತಂತ್ರಾಂಶ ಅದಕ್ಕೊಂದು ನೆಟ್ಟಗಿನ ವಿಳಾಸ ಕೊಡುತ್ತದೆ. ಆದರೆ ಚೌಕದಲ್ಲಿ ಹಿಡಿಸುವುದು ಒಂದೇ ನಂಬರ್.

ಆ ನಂಬರಿನ ನೋಡ್ ಕೆಟ್ಟ ದಿನ ಹೊಸ ಅರ್ಜಿ ತುಂಬಬೇಕು. ಅದರಲ್ಲಿ ಒಂದು ಕಾಲಂ ಹೆಚ್ಚು: 'ಹಿಂದಿನ ವಿಳಾಸ ತೊರೆದ ಕಾರಣ'.