ಇತಿಹಾಸಕ್ಕೆ ಚಿತ್ರಕಥೆ ಬರೆಯಲು ಬರುವುದಿಲ್ಲ

ವರ್ಷಕ್ಕೆ ಎರಡು ಸಲ, ಜನವರಿ 26ಕ್ಕೊಮ್ಮೆ ಆಗಸ್ಟ್ 15ಕ್ಕೊಮ್ಮೆ, ನಮ್ಮ ಮನೆಯ ಟೀವಿಯಲ್ಲಿ ಭೈರೋನ್ ಸಿಂಗ್ ಸಾಯುತ್ತಾರೆ. ಬೆಳಿಗ್ಗೆ ಪೆರೇಡು, ಮಧ್ಯಾಹ್ನ ಶಾವಿಗೆ ಪಾಯಸ, ಊಟ ಮುಗಿದು ಕಣ್ಣು ಎಳೆಯುವ ಹೊತ್ತಿಗೆ ‘ಬಾರ್ಡರ್’ ಸಿನಿಮಾ. ಭೈರೋನ್ ಸಿಂಗ್ ಪಾತ್ರದ ಸುನೀಲ್ ಶೆಟ್ಟಿ ಟ್ಯಾಂಕ್ ಮೈನ್, ಅಂದರೆ ಟ್ಯಾಂಕ್ ಸಿಡಿಸಲು ನೆಲದಲ್ಲಿ ಹೂಳುವ ಬಾಂಬ್, ಹಿಡಿದುಕೊಂಡು ಶತ್ರುವಿನ ಟ್ಯಾಂಕಿಗೆ ಎದುರಾಗುತ್ತಾನೆ. ಢಂ. ಸೋಫಾದ ಮೇಲಿದ್ದವರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ.

ತೊಡಕು ಒಂದೇ. ನಿಜವಾದ ಭೈರೋನ್ ಸಿಂಗ್ ರಾಥೋಡ್ ಅಲ್ಲಿ ಸತ್ತಿರಲಿಲ್ಲ. ಗಡಿ ಭದ್ರತಾ ಪಡೆಯ ಈ ಯೋಧ 1971ರ ಪಾಕಿಸ್ತಾನ ಯುದ್ಧದ ಲೋಂಗೇವಾಲಾ ಕಾಳಗ ಮುಗಿಸಿ, ಸೇನಾ ಪದಕ ಪಡೆದು, ನಿವೃತ್ತರಾಗಿ, ಜೋಧಪುರದ ಕಡೆಯ ತಮ್ಮ ಹಳ್ಳಿ ಸೇರಿಕೊಂಡಿದ್ದರು. 1997ರಲ್ಲಿ ಸಿನಿಮಾ ಬಂದು ಅವರನ್ನು ಹುತಾತ್ಮರನ್ನಾಗಿ ಮಾಡಿತು. ಮಾಡಿದ್ದು ನಮ್ಮ ಮೂಲ್ಕಿಯ ಹುಡುಗ ಸುನೀಲ್ ಶೆಟ್ಟಿಯ ಕೈಲಿ ಎನ್ನುವುದೊಂದು ಸಮಾಧಾನ. ಅದಾದ ಮೇಲೂ ಅವರು ಹಟ ಬಿಡದೆ 25 ವರ್ಷ ಬದುಕಿ, 2022ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಟೀವಿಯಲ್ಲಿ ಅವರು ಎಷ್ಟು ಸಲ ಸತ್ತಿದ್ದರೋ ಲೆಕ್ಕ ಇಟ್ಟವರಿಲ್ಲ.

ಜನ ಸಿನಿಮಾದವರನ್ನು ಬೈಯುತ್ತಾರೆ. ನಾನು ಅವರ ಪರ. ತಪ್ಪು ಇತಿಹಾಸದ್ದು.

ಲೋಂಗೇವಾಲಾವನ್ನೇ ತೆಗೆದುಕೊಳ್ಳಿ. ಡಿಸೆಂಬರ್ 4ರ ರಾತ್ರಿ, ಥಾರ್ ಮರುಭೂಮಿ. ಮೇಜರ್ ಕುಲದೀಪ್ ಸಿಂಗ್ ಚಾಂದಪುರಿಯವರ ಕೈಯಲ್ಲಿ 23 ಪಂಜಾಬ್ ಪಡೆಯ ಒಂದು ಕಂಪನಿ, ಅಂದರೆ ಹೆಚ್ಚೂಕಡಿಮೆ 120 ಜನ. ಎದುರಿಗೆ 40ಕ್ಕೂ ಹೆಚ್ಚು ಟ್ಯಾಂಕು, 2,000ಕ್ಕೂ ಹೆಚ್ಚು ಸೈನಿಕರು. ಇಲ್ಲಿಯವರೆಗೆ ಇತಿಹಾಸ ಚೆನ್ನಾಗಿಯೇ ಬರೆದಿದೆ, ಮೆಚ್ಚಬೇಕು. ಕ್ಲೈಮ್ಯಾಕ್ಸಿಗೆ ಬಂದಾಗ ಕೈಕೊಟ್ಟಿತು. ಬೆಳಗಾಗುವಷ್ಟರಲ್ಲಿ ನಮ್ಮವರು ಸತ್ತದ್ದು ಎಷ್ಟು ಜನ? ಇಬ್ಬರು! ಮೂರು ತಾಸಿನ ಸಿನಿಮಾಕ್ಕೆ ಇಬ್ಬರನ್ನು ಇಟ್ಟುಕೊಂಡು ನಿರ್ದೇಶಕ ಏನು ಮಾಡಬೇಕು? ಅಷ್ಟು ಕಮ್ಮಿ ಜನರನ್ನು ಕಳೆದುಕೊಂಡು ಪೋಸ್ಟ್ ಉಳಿಸಿದ್ದಕ್ಕೆ ಸರ್ಕಾರ ಚಾಂದಪುರಿಯವರಿಗೆ ಮಹಾವೀರ ಚಕ್ರ ಕೊಟ್ಟಿತು. ಸಿನಿಮಾ ಆ ಕೊರತೆಯನ್ನು ಸರಿಪಡಿಸಿತು. ಭೈರೋನ್ ಸಿಂಗರನ್ನು ಕೊಂದಿತು, ಲೆಫ್ಟಿನೆಂಟ್ ಧರಮ್‌ವೀರ್ ಅವರನ್ನೂ ಕೊಂದಿತು. ಗಡಿಯಲ್ಲಿ ಗಸ್ತಿಗೆ ಹೋಗಿ, ಟ್ಯಾಂಕುಗಳು ಬರುತ್ತಿವೆ ಎಂದು ಮೊದಲು ಸುದ್ದಿ ಕೊಟ್ಟ ಆ ಧರಮ್‌ವೀರ್ ಕೂಡ ಸಿನಿಮಾ ಬಂದಾಗ ಬದುಕಿದ್ದರು.

ಇನ್ನೊಂದು ಅವಮಾನ ಕೇಳಿ. ಪೋಸ್ಟಿನ ಹತ್ತಿರ ಬಂದ ಪಾಕಿಸ್ತಾನಿ ಪಡೆಗೆ ಕತ್ತಲಲ್ಲಿ ಒಂದು ಮುಳ್ಳುತಂತಿ ಸಿಕ್ಕಿತು. ಸಾದಾ ತಂತಿ, ನಮ್ಮ ತೋಟಕ್ಕೆ ಹಂದಿ ಬಾರದಿರಲಿ ಅಂತ ಸುತ್ತುತ್ತೇವಲ್ಲ, ಅಂಥದ್ದು. ಅದರಾಚೆ ನೆಲದ ತುಂಬ ಮೈನ್ ಹೂತಿದ್ದಾರೆ ಎಂದು ಅವರು ಗಾಬರಿಯಾಗಿ, ಸುಮಾರು ಎರಡು ತಾಸು ಅಲ್ಲೇ ನಿಂತರು. ರಾತ್ರಿಯ ಎರಡು ತಾಸು ಅಂದರೆ ಸಾಮಾನ್ಯವೇ? ನಮ್ಮ ಹಂಟರ್ ವಿಮಾನಗಳಿಗೆ ರಾತ್ರಿ ಕಣ್ಣು ಕಾಣುತ್ತಿರಲಿಲ್ಲ. ಬೆಳಕು ಹರಿಯುವವರೆಗೆ ಪೋಸ್ಟ್ ಉಳಿದರೆ ಗೆದ್ದಂತೆ. ಸೂರ್ಯ ಬಂದ, ಜೈಸಲ್ಮೇರಿನಿಂದ ಹಂಟರ್ ಬಂದವು, ಬಟಾಬಯಲಲ್ಲಿ ಮರಳಿನಲ್ಲಿ ಹೂತುಕೊಂಡಿದ್ದ ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದು ಹಾಕಿದವು. ಅಂದರೆ ಈ ಯುದ್ಧದ ಹೀರೋಗಳ ಸಾಲಿನಲ್ಲಿ ಒಂದು ಸುರುಳಿ ತಂತಿ ಮತ್ತು ಸೂರ್ಯ ಇದ್ದಾರೆ. ತಂತಿಗೆ ಡೈಲಾಗ್ ಬರೆಯಲಾಗುವುದಿಲ್ಲ. ಸೂರ್ಯನಿಗೆ ಹಳ್ಳಿಯಲ್ಲಿ ಕಾಯುತ್ತಿರುವ ಹೆಂಡತಿಯಿಲ್ಲ, ಕಾಗದ ಬರುವುದಿಲ್ಲ, ಹತ್ತು ನಿಮಿಷದ ಹಾಡೂ ಇಲ್ಲ. ಹಾಗಾಗಿ ಚಾಂದಪುರಿ ಪಾತ್ರದ ಸನ್ನಿ ಡಿಯೋಲ್ ಗರ್ಜಿಸಬೇಕಾಯಿತು.

ಗರ್ಜನೆ ಬಂದಾಗಲೆಲ್ಲ ನಮ್ಮ ದೊಡ್ಡಪ್ಪ ರಿಮೋಟ್ ಹುಡುಕುತ್ತಾರೆ. ಅವರು ಹಲಸೂರಿನ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ತರಬೇತಾದ ಸ್ಯಾಪರ್, ಅಂದರೆ ಸೈನ್ಯದ ಎಂಜಿನಿಯರ್ ದಳದ ಸಿಪಾಯಿ, ಮನೆಯವರ ಬಾಯಲ್ಲಿ ‘ಮಿಲ್ಟ್ರಿ ದೊಡ್ಡಪ್ಪ’. “ಟ್ಯಾಂಕಿನ ಪಕ್ಕ ನಿಂತ್ಕಂಡು ಮಾತಾಡ್ತಾನಲ್ಲೋ, ಇಂಜಿನ್ ಸದ್ದಿಗೆ ಅವನ ಮಾತು ಅವನಿಗೇ ಕೇಳ್ಸಲ್ಲ” ಎನ್ನುವುದು ಅವರ ಮೊದಲ ಆಕ್ಷೇಪಣೆ. ಎರಡನೆಯದು ಮೈನಿನದು. ಟ್ಯಾಂಕ್ ಮೈನ್ ಮೇಲೆ ಮನುಷ್ಯ ಕಾಲಿಟ್ಟರೆ ಸಾಧಾರಣವಾಗಿ ಸಿಡಿಯುವುದಿಲ್ಲವಂತೆ. ಅದಕ್ಕೆ ಕ್ವಿಂಟಾಲ್‌ಗಿಂತ ಹೆಚ್ಚು ಭಾರ ಬೇಕಂತೆ. “ಅಪ್ಕಂಡು ಓಡಿದ್ರೆ ಏನಾಗುತ್ತೆ? ಬೆನ್ನು ಹಿಡ್ಕಳುತ್ತೆ.” ಮನೆಯವರೆಲ್ಲ ಶ್ ಅನ್ನುತ್ತಾರೆ. ದೇಶಪ್ರೇಮದ ಹೊತ್ತಿನಲ್ಲಿ ಸೈನಿಕರು ಬಾಯಿ ಮುಚ್ಚಿಕೊಂಡಿರಬೇಕು.

ಇದು ನಮ್ಮೊಬ್ಬರ ಕಾಯಿಲೆ ಎಂದು ಕುಗ್ಗುವುದು ಬೇಡ. ಐದು ಆಸ್ಕರ್ ಹೊಡೆದ ‘ಬ್ರೇವ್‌ಹಾರ್ಟ್’ನಲ್ಲಿ 1297ರ ಸ್ಟರ್ಲಿಂಗ್ ಸೇತುವೆ ಕದನ ಇದೆ, ಸೇತುವೆ ಇಲ್ಲ. ಇಂಗ್ಲಿಷ್ ಪಡೆ ಆ ಇಕ್ಕಟ್ಟಾದ ಸೇತುವೆಯನ್ನು ಅರ್ಧ ದಾಟಲಿ ಎಂದು ಕಾದು ಸ್ಕಾಟರು ಮೇಲೆ ಬಿದ್ದದ್ದೇ ಆ ಕದನದ ಗುಟ್ಟು. ಉದ್ಘಾಟನೆಗೆ ಮುಂಚೆ ಕುಸಿಯುವ ಸೇತುವೆಗಳನ್ನು ನಾವೂ ಕಂಡಿದ್ದೇವೆ. ಯುದ್ಧಕ್ಕೆ ಮುಂಚೆ ಮಾಯವಾದದ್ದು ಅದೊಂದೇ ಇರಬೇಕು. ಅದೇ ಚಿತ್ರದಲ್ಲಿ ಸ್ಕಾಟರ ನಾಯಕ ವ್ಯಾಲೇಸನ ಮೇಲೆ ಮನಸ್ಸಿಟ್ಟು ಗರ್ಭಿಣಿಯೂ ಆಗುವ ರಾಜಕುಮಾರಿ ಇಸಾಬೆಲ್ಲಾ, 1305ರಲ್ಲಿ ಅವನಿಗೆ ಮರಣದಂಡನೆ ಆದಾಗ ಫ್ರಾನ್ಸಿನಲ್ಲಿದ್ದ ಸುಮಾರು ಹತ್ತು ವರ್ಷದ ಹುಡುಗಿ. ಈ ಸುದ್ದಿಗೆ ನಗುವುದೋ ಪೊಲೀಸರಿಗೆ ಫೋನ್ ಮಾಡುವುದೋ ತಿಳಿಯದು.

ಜರ್ಮನ್ ಸಬ್‌ಮರೀನಿಗೆ ನುಗ್ಗಿ ಗುಪ್ತಸಂದೇಶದ ಎನಿಗ್ಮಾ ಯಂತ್ರ ಹೊತ್ತು ತಂದದ್ದು ಬ್ರಿಟಿಷ್ ನೌಕಾಪಡೆ, 1941ರ ಮೇ ತಿಂಗಳಲ್ಲಿ. ಅಮೆರಿಕ ಯುದ್ಧಕ್ಕೆ ಇಳಿದದ್ದೇ ಆ ವರ್ಷದ ಡಿಸೆಂಬರಿನಲ್ಲಿ. 2000ದಲ್ಲಿ ‘ಯು-571’ ಸಿನಿಮಾ ಬಂದಾಗ ಆ ಸಾಹಸ ಅಮೆರಿಕನ್ನರ ಪಾಲಾಗಿತ್ತು, ಬ್ರಿಟನ್ನಿನ ಸಂಸತ್ತಿನಲ್ಲಿ ಪ್ರಧಾನಿಯೇ ಬೇಸರ ತೋಡಿಕೊಂಡರು. ನಮ್ಮ ಕೊಹಿನೂರಿನ ವಿಷಯಕ್ಕೆ ಅವರಿಗೆ ಇಷ್ಟು ಬೇಸರವಾದದ್ದು ನಾನು ಕೇಳಿಲ್ಲ. 1965ರ ‘ಬ್ಯಾಟಲ್ ಆಫ್ ದ ಬಲ್ಜ್’ ಇನ್ನೂ ಒಂದು ಹೆಜ್ಜೆ ಮುಂದೆ. 1944ರ ಚಳಿಗಾಲದ ಹಿಮ, ಕಾಡು, ಮಂಜು ಎಲ್ಲ ಬಿಟ್ಟು ಕೊನೆಯ ಟ್ಯಾಂಕ್ ಕಾಳಗವನ್ನು ಸ್ಪೇನಿನ ಒಣ ಬಯಲಲ್ಲಿ ತೆಗೆದರು. ಆ ಯುದ್ಧ ನಡೆಸಿದ್ದ ಐಸೆನ್‌ಹೋವರ್ ಇನ್ನೂ ಬದುಕಿದ್ದರು, ಚಿತ್ರ ಸುಳ್ಳಿನ ಕಂತೆ ಎಂದು ಬಹಿರಂಗವಾಗಿಯೇ ತರಾಟೆಗೆ ತೆಗೆದುಕೊಂಡರು. ನೋಡಿ, ಬದುಕಿ ಉಳಿದವರಿಂದ ಇದೇ ತಾಪತ್ರಯ.

ಇಷ್ಟಕ್ಕೂ ಸತ್ತವರಾದರೂ ಸುರಕ್ಷಿತವೇ? ಕೊಡಗಿನವರನ್ನು ಕೇಳಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ, 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿ. ಅವರು ಆ ದಿನ ಸ್ಟ್ಯಾಂಡ್‌ಬೈ. ದಾಳಿಗೆ ಹೊರಟವರಲ್ಲಿ ಯಾರಾದರೂ ಹಿಂದೆ ಉಳಿದರೆ ಮಾತ್ರ ಹೋಗಬೇಕಾದವರು. ಹೋದರು. ಎದುರಾದದ್ದು ಶಬ್ದದ ಎರಡು ಪಟ್ಟು ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್; ಇವರದ್ದು ಸಾವಕಾಶದ ಮಿಸ್ಟೇರ್. ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದ ಮೇಲೂ ತಿರುಗಿ ಹೋಗಿ ಅದನ್ನು ಉರುಳಿಸಿದರು, ಮರಳಿ ಬರಲಿಲ್ಲ. ನಮ್ಮ ಕಡೆ ನೋಡಿದವರಿಲ್ಲ, ಕಡತದಲ್ಲಿ ‘ನಾಪತ್ತೆ’. ಹಾರಿ ಜೀವ ಉಳಿಸಿಕೊಂಡಿದ್ದ ಪಾಕಿಸ್ತಾನಿ ಪೈಲಟ್ ಕಡೆಯಿಂದ ಸಂಗತಿ ಹೊರಬಂದು, ಇಂಗ್ಲಿಷ್ ಲೇಖಕರೊಬ್ಬರ ಪುಸ್ತಕ ಸೇರಿ, ದೆಹಲಿಯ ಮೇಜುಗಳನ್ನೆಲ್ಲ ದಾಟಿ ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ.

ಇದಕ್ಕಿಂತ ಒಳ್ಳೆಯ ಕಥೆಯನ್ನು ಯಾವ ಬರಹಗಾರ ಹೆಣೆದಾನು? 2025ರಲ್ಲಿ ‘ಸ್ಕೈ ಫೋರ್ಸ್’ ಬಂತು. ಕಥೆ ತೆಗೆದುಕೊಂಡರು, ಹೆಸರು ಬಿಟ್ಟರು. ಆ ಪಾತ್ರಕ್ಕೆ ಅಜ್ಜಮಾಡವೂ ಇಲ್ಲ, ದೇವಯ್ಯವೂ ಇಲ್ಲ. ಕೊಡಗಿನಲ್ಲಿ ಹೊಸಬರು ಸಿಕ್ಕರೆ ಮೊದಲು ಕೇಳುವುದೇ ಯಾವ ಒಕ್ಕ, ಅಂದರೆ ಯಾವ ಮನೆತನ, ಎಂದು. ಮನೆಪೆದ, ಅಂದರೆ ಮನೆತನದ ಹೆಸರು, ತೆಗೆದರೆ ಅರ್ಧ ಮನುಷ್ಯ ಹೋದ ಹಾಗೆ. ಭೈರೋನ್ ಸಿಂಗರಿಗೆ ಹೆಸರು ಉಳಿಸಿ ಜೀವ ತೆಗೆದರು, ದೇವಯ್ಯನವರಿಗೆ ಸಾಹಸ ಉಳಿಸಿ ಹೆಸರು ತೆಗೆದರು. ಎರಡೂ ಒಟ್ಟಿಗೆ ಉಳಿಸಿಕೊಡುವ ಪ್ಯಾಕೇಜ್ ಇಲ್ಲವೇನೋ.

ಇಂಥ ಚಿತ್ರಗಳ ಶುರುವಿಗೆ ಬರುವ ಎರಡು ಫಲಕಗಳು ನನಗೆ ಬಲು ಇಷ್ಟ. ಒಂದು: ನೈಜ ಘಟನೆಯಿಂದ ಪ್ರೇರಿತ. ಅದು ಮಾಸುವ ಮುನ್ನವೇ ಇನ್ನೊಂದು: ಜೀವಂತ ಅಥವಾ ಮೃತ ವ್ಯಕ್ತಿಗಳಿಗೆ ಹೋಲಿಕೆ ಕಂಡುಬಂದಲ್ಲಿ ಅದು ಕಾಕತಾಳೀಯ. ಏಕಕಾಲಕ್ಕೆ ಜೀವಂತವೂ ಮೃತರೂ ಆಗಿದ್ದ ಭೈರೋನ್ ಸಿಂಗರು ಇದರಲ್ಲಿ ಯಾವ ಸಾಲಿಗೆ ಸೇರುತ್ತಾರೋ ವಕೀಲರೇ ಹೇಳಬೇಕು.

ಈ ಆಗಸ್ಟಿನಲ್ಲಿ ಢಂ ಆದಮೇಲೆ ಜಾಹೀರಾತು ಬಂತು. ಅಣ್ಣನ ಮೊಮ್ಮಗ ದೊಡ್ಡಪ್ಪನ ಕಡೆ ತಿರುಗಿ, “ಮುತ್ತಾತ, ನೀನೂ ವಾರಿಗೆ ಹೋಗಿದ್ಯಾ?” ಎಂದ.

“ಹೋಗಿದ್ದೆ. ಎಪ್ಪತ್ತೊಂದರಲ್ಲಿ.”

“ಏನ್ಮಾಡ್ದೆ?”

“ಯುದ್ಧ ಹದಿನಾಲ್ಕು ದಿನಕ್ಕೆ ಮುಗೀತು. ಆಮೇಲೆ ತಿಂಗಳುಗಟ್ಟಲೆ ಮೈನ್ ತೆಗ್ದೆ.” ದೊಡ್ಡಪ್ಪ ಸೋಫಾದಿಂದ ಮುಂದಕ್ಕೆ ಸರಿದು ಪಾಯಸದ ಚಮಚ ತೆಗೆದುಕೊಂಡರು. ಅದರ ಹಿಡಿಯನ್ನು ಟೀಪಾಯಿಯ ಬಟ್ಟೆಗೆ ಓರೆಯಾಗಿ ತಾಗಿಸಿ, ಒಂದು ಬೆರಳಗಲ ಸರಿಸಿ, ಮತ್ತೆ ತಾಗಿಸಿ ತೋರಿಸಿದರು. “ಹಿಂಗೆ. ನೆಟ್ಟಗೆ ಚುಚ್ಚಬಾರ್ದು, ಓರೆಗೆ. ಗಟ್ಟಿ ಏನಾದ್ರೂ ತಗುಲಿದ್ರೆ ಕೈ ನಿಲ್ಲಬೇಕು. ಆಮೇಲೆ ಬೆರಳಲ್ಲಿ ಮಣ್ಣು ಬಿಡಿಸ್ಬೇಕು. ದಿನಕ್ಕೆ ಇಷ್ಟೇ ಜಾಗ ಆಗೋದು.”

ಹುಡುಗ ಚಮಚವನ್ನೇ ನೋಡುತ್ತಿದ್ದ. “ಬ್ಲಾಸ್ಟ್ ಆಯ್ತಾ?”

“ಇಲ್ಲ ಮಗಾ.”

“ಒಂದೂ?”

“ಒಂದೂ ಆಗ್ಲಿಲ್ಲ.”

ಜಾಹೀರಾತು ಮುಗಿಯಿತು. ಹುಡುಗ ರಿಮೋಟ್ ತೆಗೆದುಕೊಂಡು ವಾಲ್ಯೂಮ್ ಜಾಸ್ತಿ ಮಾಡಿದ.